ಗ್ರಿಮ್ಸ್‌ಬಿಯಿಂದ ಮೂಡಣಕ್ಕೆ

ಗ್ರಿಮ್ಸ್‌ಬಿಯಲ್ಲಿ ಮೂಡಣವೆಂದರೆ ಕಡಲು.
ಮೀನಿನ ಧಕ್ಕೆ, ಐಸಿನ ಕಾರ್ಖಾನೆ,
ಅದರಾಚೆ ಬೂದು ನೀರು, ಮತ್ತೂ ಬೂದು ನೀರು.
ನೀರಿಗೆ ಹೋದವರೆಲ್ಲ ತಿರುಗಿ ಬರುವುದಿಲ್ಲ.
ಅದಕ್ಕೇ ಅವನು ನೆಲದ ಮೇಲೆ ಹೋಗುತ್ತೇನೆಂದ.

ಕೀತ್ ಬ್ಲಾಂಚರ್ಡ್. ಇಪ್ಪತ್ತೆರಡು ವರ್ಷ.
ಆರನೇ ವಾರ್ಡು, ಕಿಟಕಿ ಪಕ್ಕದ ಮಂಚ.
ಐಸ್‌ಲ್ಯಾಂಡಿನ ಹತ್ತಿರ, ಹಗ್ಗಕ್ಕೂ ಕಂಬಕ್ಕೂ ಹಿಮ ಹೆಪ್ಪುಗಟ್ಟಿ
ಅಣ್ಣನ ಹಡಗು ಮಗುಚಿದ ರಾತ್ರಿ
ಇವನೂ ಅದರಲ್ಲಿ ಇರಬೇಕಿತ್ತು.
ಕುಡಿದು ಮಲಗಿ ಹಡಗು ತಪ್ಪಿಸಿಕೊಂಡವನು
ಆಮೇಲೆ ಮಲಗಲೇ ಇಲ್ಲ.
ಫೈಲಿನಲ್ಲಿ ಇದೆಲ್ಲ ಒಂದೇ ಸಾಲು.

ನಾನು ರಾತ್ರಿ ಪಾಳಿಯವಳು,
ಬೆಟಗೇರಿಯ ಮಿಶನ್ ಆಸ್ಪತ್ರೆಯಲ್ಲಿ ಕಲಿತ ನರ್ಸು.
ದೀಪದ ಕೆಳಗೆ ಮನೆಗೆ ಕಾಗದ ಬರೆಯುವಾಗ
ಬರಿಗಾಲಲ್ಲಿ ಬಂದು ನಿಲ್ಲುತ್ತಿದ್ದ.
"ಇದು ಮಂತ್ರವೇ, ಸಿಸ್ಟರ್?"
"ಅಲ್ಲೋ, ತಮ್ಮನ ಫೀಸಿನ ಲೆಕ್ಕ."
ನಂಬಲಿಲ್ಲ. ಗುಂಡಗಿನ ಅಕ್ಷರಗಳನ್ನು ಬೆರಳಲ್ಲಿ ಸವರಿದ,
ಹೆದರಿದ ಕುದುರೆಯ ಮೂತಿ ಸವರುವ ಹಾಗೆ.
"ನಿಮ್ಮ ಗುರು ಯಾರು?"
ನಮ್ಮಪ್ಪ ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಾನೆ,
ಉಳಿದಾರು ದಿನ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟಿರುತ್ತಾನೆ.
ಹೇಳಿದೆ.
ಅದೂ ಅವನಿಗೆ ಉಪದೇಶದಂತೆ ಕೇಳಿಸಿತು.

ಮಾರ್ಚಿನಲ್ಲಿ ಬಿಟ್ಟರು. ಏಪ್ರಿಲಿಗೆ
ಮೀನಿನ ಲಾರಿಯಲ್ಲಿ ಲಂಡನ್ನು, ಅಲ್ಲಿಂದ ಹಳೇ ಬಸ್ಸು,
ದಿಲ್ಲಿಯ ತನಕ ಮೂವತ್ತೈದು ಪೌಂಡು,
ಕೆಟ್ಟಲ್ಲಿ ಇಳಿದು ನೂಕಬೇಕು.
"ನಿಮ್ಮ ಭಾಷೆಯ ಒಂದು ಮಾತು ಕೊಡಿ," ಅಂದ.
ನಮ್ಮಲ್ಲಿ ಹೋಗ್ತೀನಿ ಅನ್ನೋದಿಲ್ಲಪ್ಪಾ,
ಹೋಗಿ ಬರ್ತೀನಿ ಅಂತೀವಿ.
ಲಾರಿ ಬರುವ ತನಕ ಬಾಯಿಪಾಠ ಮಾಡಿದ.
'ಹೋಗಿ' ಬಂತು.
ಮಿಕ್ಕದ್ದು ನಾಲಿಗೆಗೆ ಹತ್ತಲಿಲ್ಲ.

ಕಾರ್ಡುಗಳು ವಾರ್ಡಿನ ವಿಳಾಸಕ್ಕೇ ಬಂದವು.
ಇಸ್ತಾಂಬುಲ್: ಇಲ್ಲೂ ಸೇತುವೆಯ ಮೇಲೆ ಮೀನು. ಓಡಿದೆ.
ಎರ್ಜುರುಮ್: ಆಕ್ಸಲ್ ಮುರಿದಿದೆ. ಹಿಮ. ನಿದ್ದೆಯಿಲ್ಲ.
ಹೆರಾತ್: ಮುದುಕನೊಬ್ಬ ಚಹಾ ಕೊಟ್ಟು ದುಡ್ಡು ಬೇಡವೆಂದ.
ಗೋಡೆಯ ಕಡೆ ತಿರುಗಿ ಅತ್ತೆ.
ಆಮೇಲೆ ಮೂರು ತಿಂಗಳು ಏನೂ ಇಲ್ಲ.

ಅವನ ತಾಯಿ ಐವಿ, ಮೀನು ಸುಡುವ ಹೊಗೆಮನೆಯಿಂದ
ಏಪ್ರನ್ನನ್ನೂ ಬಿಚ್ಚದೆ ಬಂದಳು.
"ನಿಮ್ಮ ದೇಶ ದೊಡ್ಡದೇ?"
ದೊಡ್ಡದೇ, ಅಂದೆ. ಆದರೆ ಕೇಳಿದರೆ ಜನ ದಾರಿ ಹೇಳುತ್ತಾರೆ.
ಸುಳ್ಳೇನಲ್ಲ.
ಗೊತ್ತಿಲ್ಲದಿದ್ದರೂ ಹೇಳುತ್ತಾರೆ.

ಕೊನೆಯ ಕಾರ್ಡು ಗದಗ ಜಂಕ್ಷನ್ನಿನದು:
ಸಿಸ್ಟರ್, ಸ್ಟೇಶನ್ನಿನ ಬೋರ್ಡಿನ ಮೇಲೆಲ್ಲ ನಿಮ್ಮ ಕೈಬರಹ!
ಇಬ್ಬರು ಗುರುಗಳು ಸಿಕ್ಕರು, ಇಬ್ಬರೂ ನನ್ನ ಗಡಿಯಾರ ಕೇಳಿದರು.
ಗಡಿಯಾರ ಒಂದೇ ಇತ್ತು.

ಅದರ ಹಿಂದೆಯೇ ಅಪ್ಪನ ಕಾಗದ:
ನಿನ್ನ ಬಿಳೀ ಹುಡುಗ ಬಂದಿದ್ದ.
ಮಗ್ಗದ ಮಗ್ಗುಲಿಗೆ ಕೂತು ಲಾಳಿ ನೋಡಿದ,
ಅತ್ತ ಹೋಗೋದು, ಇತ್ತ ಬರೋದು,
ಅತ್ತ ಹೋಗೋದು, ಇತ್ತ ಬರೋದು.
ನೋಡ್ತಾ ನೋಡ್ತಾ ಗ್ವಾಡಿಗೆ ಒರಗಿದ.
ಹದಿನಾಲ್ಕು ತಾಸು ಮಲಗಿದ, ತಂಗೀ,
ರೊಟ್ಟಿ ಬಡಿಯೋ ಸದ್ದಿಗೂ ಏಳಲಿಲ್ಲ.
ನೂಲಿಗೆ ತಾಗ್ತಾವಂತ ಅವನ ಕಾಲು ಸರಿಸಿದೆ.

ಐವಿಗೆ ಓದಿ ಹೇಳಿದೆ. ಗುರುವಿನ ಸುದ್ದಿ ಅವಳು ಕೇಳಲಿಲ್ಲ.
"ಹದಿನಾಲ್ಕು ತಾಸಾ?" ಅಂದಳು.
ಇನ್ನೊಮ್ಮೆ ಅಂದಳು.
ಆಮೇಲೆ ಕಿಟಕಿ ಪಕ್ಕದ ಖಾಲಿ ಮಂಚದ ಮೇಲೆ
ಸುಮ್ಮನೆ ಕೂತುಬಿಟ್ಟಳು.

ಹೋಗಿ ಬರ್ತೀನಿ ಅಂತ ಅಪ್ಪನಿಗೆ ಹೇಳಿ
ನಾನು ಹಡಗು ಹತ್ತಿ ಏಳು ವರ್ಷ.
ಆ ಗೋಡೆಯ ತಂಪು ನನ್ನ ಬೆನ್ನಿಗೆ ಇನ್ನೂ ಗೊತ್ತು.
ತಮ್ಮನ ಓದು ಮುಗಿದೇ ಎರಡು ವರ್ಷವಾಯಿತು.

ವಾರ ಕಳೆದು ಆ ಮಂಚಕ್ಕೆ ಬೇರೊಬ್ಬ ಹುಡುಗ ಬಂದ.
ರಾತ್ರಿ ಮೂರಕ್ಕೆ ಎದ್ದು ಕೂತು ಕೇಳಿದ:
ಏನು ಬರೀತಿದ್ದೀರಿ, ಸಿಸ್ಟರ್?
ಲೆಕ್ಕ, ಅಂದೆ.
ಹಾಳೆಯ ಮೇಲೆ ತಾರೀಖು ಮಾತ್ರ ಇತ್ತು.